ಒಂದು ಲೀಟರ್ ಪೆಟ್ರೋಲಿಗೆ ಹತ್ತು ಸಾವಿರ ಲೀಟರ್ ಗಾಳಿ

(ಕಲಬುರಗಿಯಲ್ಲಿ ದ್ವಿಚಕ್ರ ವಾಹನ ಮೆಕ್ಯಾನಿಕ್‌ಗಳು ಮತ್ತು ಐಟಿಐ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಬಂಕಿನಲ್ಲಿ ನಾವು ಪೆಟ್ರೋಲಿಗೆ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ. ಗಾಳಿಗೆ ದುಡ್ಡಿಲ್ಲ, ಹಾಗಾಗಿ ಅದರ ಲೆಕ್ಕ ಯಾರೂ ಇಡುವುದಿಲ್ಲ. ಆದರೆ ಇಂಜಿನ್ನಿನೊಳಗೆ ಹೋಗುವುದನ್ನು ತೂಗಿ ನೋಡಿದರೆ ಗಾಳಿಯೇ ಹೆಚ್ಚು, ಪೆಟ್ರೋಲು ಬಹಳ ಕಡಿಮೆ. ನಿಮ್ಮ ಅಂಗಡಿಗೆ ಬರುವ ದೂರುಗಳನ್ನೇ ತೆಗೆದುಕೊಳ್ಳಿ: "ಮಿಸ್ತ್ರಿ, ಗಾಡಿ ಎವರೇಜ್ ಕೊಡವಲ್ದು", "ಮಧ್ಯಾಹ್ನ ನಿಲ್ಲಿಸಿದ್ರ ಮತ್ತ ಚಾಲೂ ಆಗವಲ್ದು", "ಏರು ಹತ್ತುವಾಗ ಟಕ್ ಟಕ್ ಅಂತದ". ಇವುಗಳಲ್ಲಿ ಹೆಚ್ಚಿನವು ಗಾಳಿ-ಪೆಟ್ರೋಲಿನ ಪ್ರಮಾಣ ತಪ್ಪಿದ್ದರಿಂದಲೋ, ಹೊತ್ತಬಾರದ ಹೊತ್ತಿನಲ್ಲಿ ಮಿಶ್ರಣ ಹೊತ್ತಿಕೊಂಡಿದ್ದರಿಂದಲೋ ಹುಟ್ಟಿದವು. ಹಾಗಾಗಿ ಇವತ್ತು ಗಾಳಿಯ ಕಡೆಯಿಂದಲೇ ಪೆಟ್ರೋಲನ್ನು ನೋಡೋಣ.

ಮೊದಲು ಪೆಟ್ರೋಲಿನ ಗುಣ ತಿಳಿಯಬೇಕು. ಅದು ಒಂದೇ ವಸ್ತುವಲ್ಲ. ನಾಲ್ಕರಿಂದ ಹನ್ನೆರಡು ಇಂಗಾಲದ ಪರಮಾಣುಗಳಿರುವ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹಗುರವಾದವು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ, ಭಾರವಾದವು ಆವಿಯಾಗಲು 200 ಡಿಗ್ರಿ ಬೇಕು. ದ್ರವ ರೂಪದ ಪೆಟ್ರೋಲು ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಆ ಆವಿಯೂ ಗಾಳಿಯೊಂದಿಗೆ ಒಂದು ಮಿತಿಯೊಳಗೆ ಬೆರೆತಿದ್ದರೆ ಮಾತ್ರ. ಗಾತ್ರದ ಲೆಕ್ಕದಲ್ಲಿ ನೂರಕ್ಕೆ ಸುಮಾರು 1.4 ಭಾಗಕ್ಕಿಂತ ಕಡಿಮೆ ಆವಿ ಇದ್ದರೆ ಕಿಡಿ ಬಿದ್ದರೂ ಹೊತ್ತುವುದಿಲ್ಲ, 7.6 ಭಾಗ ದಾಟಿದರೂ ಹೊತ್ತುವುದಿಲ್ಲ.

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದ ದೂರು ಈ 7.6ರ ಮಿತಿಯ ಕಡೆಯದು. ಗಾಡಿ ಓಡುವಾಗ ಇಂಜಿನ್ನಿನ ಫಿನ್‌ಗಳ (ತಂಪಾಗಿಸುವ ಲೋಹದ ಪಟ್ಟಿಗಳ) ಮೇಲೆ ಗಾಳಿ ಬೀಸುತ್ತಿರುತ್ತದೆ. ನಿಲ್ಲಿಸಿದೊಡನೆ ಅದು ನಿಂತು, ಸಿಲಿಂಡರಿನ ಬಿಸಿ ಗಾಳಿ-ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರಿಗೆ ಹರಿಯುತ್ತದೆ. ಅದರ ಫ್ಲೋಟ್ ಬೌಲಿನಲ್ಲಿ (ಪೆಟ್ರೋಲು ನಿಲ್ಲುವ ಬಟ್ಟಲಿನಲ್ಲಿ) ಇರುವ ಪೆಟ್ರೋಲಿನ ಹಗುರ ಭಾಗ ಕುದ್ದು ಇಂಟೇಕ್ ದಾರಿಯಲ್ಲಿ ಆವಿ ತುಂಬಿಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಒಳಗೆ ಪೆಟ್ರೋಲು ವಿಪರೀತ, ಗಾಳಿ ಸಾಲದು. ಸವಾರ ಆಗ ಗಾಳಿ ತಗ್ಗಿಸಿ ಪೆಟ್ರೋಲು ಹೆಚ್ಚಿಸುವ ಚೋಕ್ ಎಳೆಯುತ್ತಾನೆ. ಇದ್ದ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಮಾಡಬೇಕಾದ್ದು ಇದಕ್ಕೆ ಉಲ್ಟಾ. ಚೋಕ್ ಪೂರ್ತಿ ಆಫ್ ಮಾಡಿ, ಎಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಐದಾರು ಸಲ ಕಿಕ್ ಹೊಡೆಯಬೇಕು. ಹೊಸ ಗಾಳಿ ಒಳಗೆ ನುಗ್ಗಿ ಮಿಶ್ರಣ ಹೊತ್ತುವ ಮಿತಿಗೆ ಇಳಿಯುತ್ತದೆ.

ಬೀದರಿನ ಡಿಸೆಂಬರ್ ಬೆಳಗಿನ ದೂರು 1.4ರ ಮಿತಿಯ ಕಡೆಯದು. ತಂಪಿಗೆ ಪೆಟ್ರೋಲಿನ ಹಗುರ ಭಾಗ ಮಾತ್ರ ಆವಿಯಾಗುತ್ತದೆ, ಉಳಿದದ್ದು ಇಂಟೇಕ್ ಗೋಡೆಗೆ ಹಸಿಯಾಗಿ ಅಂಟುತ್ತದೆ. ಆವಿಯನ್ನು 1.4ರ ಮೇಲಕ್ಕೆ ತರಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಪೆಟ್ರೋಲು ಸುರಿಯಬೇಕು. ಚೋಕ್ ಇರುವುದು ಅದಕ್ಕೇ. ಇಂಜಿನ್ ಬಿಸಿಯಾದ ಮೇಲೂ ಚೋಕ್ ಎಳೆದೇ ಇಟ್ಟರೆ, ಆವಿಯಾಗದ ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ, ಇಂಜಿನ್ ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲು ವಾಸನೆ ಬರುತ್ತದೆ.

ಇನ್ನು ತೂಕದ ಲೆಕ್ಕ. ನೂರಾರು ವಸ್ತುಗಳ ಬದಲು ಆಕ್ಟೇನ್ ಒಂದನ್ನೇ ಹಿಡಿಯೋಣ. ಅದರ ಅಣುವಿನಲ್ಲಿ 8 ಇಂಗಾಲ, 18 ಜಲಜನಕ. ಪೂರ್ತಿ ಉರಿದರೆ:

2 ಆಕ್ಟೇನ್ + 25 ಆಮ್ಲಜನಕ → 16 ಕಾರ್ಬನ್ ಡೈಆಕ್ಸೈಡ್ + 18 ನೀರು

ತೂಕಕ್ಕೆ ತಿರುಗಿಸಿದರೆ 114 ಗ್ರಾಂ ಆಕ್ಟೇನಿಗೆ 400 ಗ್ರಾಂ ಆಮ್ಲಜನಕ. ಗಾಳಿಯ ತೂಕದಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 23 ಭಾಗ, ಆದ್ದರಿಂದ 1,724 ಗ್ರಾಂ ಗಾಳಿ ಬೇಕು. ಭಾಗಿಸಿದರೆ 15.1. ನಿಜವಾದ ಪೆಟ್ರೋಲಿನಲ್ಲಿ ಬೆಂಜೀನ್ ಜಾತಿಯ, ಜಲಜನಕ ಕಡಿಮೆ ಇರುವ ಅಣುಗಳೂ ಇರುವುದರಿಂದ ಈ ಸಂಖ್ಯೆ 14.7ಕ್ಕೆ ಇಳಿಯುತ್ತದೆ. ಒಂದು ಲೀಟರ್ ಪೆಟ್ರೋಲು ಸುಮಾರು 740 ಗ್ರಾಂ, ಅದಕ್ಕೆ ಬೇಕಾದ ಗಾಳಿ ಹತ್ತಿರ ಹತ್ತಿರ 11 ಕಿಲೋ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ 42 ಡಿಗ್ರಿ ಬಿಸಿಲಿನಲ್ಲಿ ಒಂದು ಘನ ಮೀಟರ್ ಗಾಳಿ ಒಂದು ಕಿಲೋಗಿಂತ ತುಸುವೇ ಹೆಚ್ಚು ತೂಗುತ್ತದೆ. ಅಲ್ಲಿಗೆ ಲೀಟರ್ ಪೆಟ್ರೋಲಿಗೆ ಹತ್ತು ಸಾವಿರ ಲೀಟರ್ ಗಾಳಿ. ನೂರು ಸಿಸಿ ಗಾಡಿಯ ಸಿಲಿಂಡರ್ ಪೂರ್ತಿ ತುಂಬಿದರೂ ಒಂದು ಸಲಕ್ಕೆ ಉರಿಯುವ ಪೆಟ್ರೋಲು ಬರೀ 7 ಮಿಲಿಗ್ರಾಂ. ಒಂದು ಲೀಟರಿನಲ್ಲಿ ಅಂಥ ಲಕ್ಷ ಉರಿಗಳಿವೆ. ಒಂದೊಂದರಲ್ಲೂ ಪ್ರಮಾಣ ಸರಿ ಇರಬೇಕು.

ಹೊರಗೆ ಬರುವುದನ್ನೂ ತೂಗಿ: ಲೀಟರಿಗೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್, 900 ಗ್ರಾಂ ನೀರು. ಬೆಳಿಗ್ಗೆ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕಿದರೆ ಗಿರಾಕಿ ಗಾಬರಿಯಾಗುತ್ತಾನೆ. ಅದು ಟ್ಯಾಂಕಿಗೆ ಸೇರಿದ ನೀರಲ್ಲ, ಉರಿದು ಹುಟ್ಟಿದ ನೀರು. ದಿನಾ ಮನೆಯಿಂದ ಬಜಾರಕ್ಕೆ ಒಂದು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಸೈಲೆನ್ಸರ್ ಒಳಗಿನಿಂದ ಬೇಗ ತುಕ್ಕು ಹಿಡಿಯುವುದೂ ಇದರಿಂದಲೇ. ಆ ನೀರು ಒಣಗುವಷ್ಟು ಪೈಪು ಬಿಸಿಯಾಗುವುದೇ ಇಲ್ಲ.

ವಿದ್ಯಾರ್ಥಿಗಳು ಒಂದು ಮಾತನ್ನು ಬರೆದುಕೊಳ್ಳಿ. ಶಕ್ತಿ ಪೆಟ್ರೋಲಿನೊಳಗೆ ಅಡಗಿದೆ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಒಂದು ಮೋಲ್ (114 ಗ್ರಾಂ) ಆಕ್ಟೇನಿನ ಬಂಧಗಳನ್ನೂ ಅದಕ್ಕೆ ಬೇಕಾದ ಆಮ್ಲಜನಕದ ಬಂಧಗಳನ್ನೂ ಮುರಿಯಲು ಸುಮಾರು 16,000 ಕಿಲೋಜೂಲ್ ಖರ್ಚಾಗುತ್ತದೆ. ಕಾರ್ಬನ್ ಡೈಆಕ್ಸೈಡಿನ ಮತ್ತು ನೀರಿನ ಹೊಸ ಬಂಧಗಳು ಕೂಡುವಾಗ ಸುಮಾರು 21,000 ಹೊರಬರುತ್ತದೆ. ನಮಗೆ ಸಿಗುವುದು ನಡುವಿನ 5,000 ಮಾತ್ರ. ಹೊಸ ಬಂಧ ಕೂಡಲು ಆಮ್ಲಜನಕ ಸಾಲದಿದ್ದರೆ ಪೆಟ್ರೋಲು ಎಷ್ಟಿದ್ದರೂ ಶಾಖ ಸಿಗುವುದಿಲ್ಲ.

ರಿಚ್, ಅಂದರೆ ಪೆಟ್ರೋಲು ಹೆಚ್ಚಾದ ಮಿಶ್ರಣದ ನಷ್ಟವನ್ನು ಹೀಗೆಯೇ ಅಳೆಯಬೇಕು. ಆಮ್ಲಜನಕ ಕಡಿಮೆ ಬಿದ್ದಾಗ ಇಂಗಾಲ ಅರ್ಧ ದಾರಿಯಲ್ಲಿ, ಕಾರ್ಬನ್ ಮೊನಾಕ್ಸೈಡ್ ಆಗಿ ನಿಲ್ಲುತ್ತದೆ. ಒಂದು ಮೋಲ್ (12 ಗ್ರಾಂ) ಇಂಗಾಲ ಪೂರ್ತಿ ಉರಿದರೆ 394 ಕಿಲೋಜೂಲ್, ಮೊನಾಕ್ಸೈಡಿನಲ್ಲೇ ನಿಂತರೆ 110. ಉಳಿದ 284 ಸೈಲೆನ್ಸರಿನಿಂದ ಹೊರಗೆ ಹೋಯಿತು. ಎವರೇಜ್ ಬಿದ್ದಿದೆ ಎಂದು ಚೈನು, ಬ್ರೇಕು, ಟೈರಿನ ಗಾಳಿ ಎಲ್ಲ ನೋಡಿದ ಮೇಲೂ ಸಿಗದ ಕಾರಣ ಎಷ್ಟೋ ಸಲ ಈ 284ರಲ್ಲಿ ಇರುತ್ತದೆ.

ನಮ್ಮ ಭಾಗದಲ್ಲಿ ಮಿಶ್ರಣ ರಿಚ್ ಆಗಲು ಮೊದಲ ಕಾರಣ ಧೂಳು. ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಲಾರಿಗಳ ರಸ್ತೆ, ಶಹಾಬಾದಿನ ಕಲ್ಲಿನ ಗಣಿಗಳು, ತೊಗರಿ ರಾಶಿಯ ಕಾಲದ ಹೊಟ್ಟು. ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಮುಂಚೆಯೇ ಏರ್ ಫಿಲ್ಟರ್ ಇಲ್ಲಿ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಕಟ್ಟಿದಾಗ ಗಾಳಿ ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಪೆಟ್ರೋಲು ಹೆಚ್ಚುತ್ತದೆ ಎಂಬುದನ್ನು ಮರೆಯುತ್ತೇವೆ. ಫ್ಲೋಟ್ ಬೌಲಿನ ಮೇಲೆ ಹೊರಗಿನ ವಾಯು ಒತ್ತಡ ಹಾಗೆಯೇ ಇರುತ್ತದೆ, ವೆಂಚುರಿಯೊಳಗೆ (ಕಾರ್ಬ್ಯುರೇಟರಿನ ಕಿರಿದಾದ ಗಾಳಿದಾರಿಯಲ್ಲಿ) ಎಳೆತ ಜಾಸ್ತಿಯಾಗುತ್ತದೆ, ಜೆಟ್ಟಿನಿಂದ (ಪೆಟ್ರೋಲು ಬರುವ ಸಣ್ಣ ತೂತಿನಿಂದ) ಹೆಚ್ಚು ಪೆಟ್ರೋಲು ಏರುತ್ತದೆ. ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ. ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ಗಾಳಿಯಲ್ಲಿ ಊದಿ, ಬೆಳಕಿಗೆ ಹಿಡಿದು ನೋಡಿ, ಬೆಳಕು ಕಾಣದಿದ್ದರೆ ಬದಲಿಸಿ. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತುಸು ಎಣ್ಣೆ ಹಚ್ಚಿ ಹಿಂಡಿ ಹಾಕಿ.

ಎರಡನೆಯ ಕಾರಣ ಬಿಸಿಲೇ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಗಾಳಿಯ ಜೊತೆ ಹೋಲಿಸಿದರೆ ನಮ್ಮ ಬೇಸಿಗೆಯ ಗಾಳಿ ನೂರಕ್ಕೆ ಸುಮಾರು 13 ಭಾಗ ಹಗುರ. ಕಾರ್ಬ್ಯುರೇಟರ್ ಆ ಪ್ರಮಾಣದಲ್ಲಿ ಪೆಟ್ರೋಲನ್ನು ತಗ್ಗಿಸುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಸರಿ ಇದ್ದ ಏರ್ ಸ್ಕ್ರೂ (ಐಡ್ಲಿಂಗಿನ ಗಾಳಿ ಹೊಂದಿಸುವ ತಿರುಪು) ಏಪ್ರಿಲ್‌ನಲ್ಲಿ ಸರಿ ಇರುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚು ಮತ್ತು ಒಂದೇ ಸಮನೆ ಇರುವ ಜಾಗ ಹಿಡಿಯಿರಿ.

ಲೀನ್ ಆದರೆ, ಅಂದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾದರೆ, ಎವರೇಜ್ ಹೆಚ್ಚುತ್ತದೆ ಎಂದು ಕೆಲವರು ಜೆಟ್ ಸಣ್ಣದು ಹಾಕಿಸುತ್ತಾರೆ. ಸ್ವಲ್ಪ ಮಟ್ಟಿಗೆ ಅದು ನಿಜ. ಆಮೇಲೆ ಜ್ವಾಲೆ ನಿಧಾನವಾಗುತ್ತದೆ, ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿ ಮುಗಿದಿರುವುದಿಲ್ಲ, ವಾಲ್ವ್ ಸೀಟು ಸುಡುತ್ತದೆ. ಇನ್ನೂ ಲೀನ್ ಆದರೆ ಮಿಸ್ ಹೊಡೆಯುತ್ತದೆ. ಪ್ಲಗ್ ತೆಗೆದು ನೋಡಿದರೆ ತಿಳಿಯುತ್ತದೆ: ಇನ್ಸುಲೇಟರಿನ ತುದಿ ತಿಳಿ ಕಂದು ಇದ್ದರೆ ಸರಿ, ಒಣ ಕರಿ ಮಸಿ ಇದ್ದರೆ ರಿಚ್, ಜಿಡ್ಡಿನ ಕಪ್ಪು ಇದ್ದರೆ ಆಯಿಲ್ ಮೇಲೇರುತ್ತಿದೆ, ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಲೀನ್ ಅಥವಾ ಅತಿ ಬಿಸಿ.

ಈಗ ಹೊತ್ತುವ ವೇಗಕ್ಕೆ ಬರೋಣ. ನಿಂತ ಮಿಶ್ರಣದಲ್ಲಿ ಜ್ವಾಲೆ ಸೆಕೆಂಡಿಗೆ ಅರ್ಧ ಮೀಟರನ್ನೂ ದಾಟುವುದಿಲ್ಲ. ನೂರು ಸಿಸಿ ಗಾಡಿಯ ಬೋರ್ (ಸಿಲಿಂಡರಿನ ಒಳ ಅಡ್ಡಳತೆ) 50 ಮಿಲಿಮೀಟರ್. ಪ್ಲಗ್ ಒಂದು ಬದಿಗಿದ್ದರೆ ಇನ್ನೊಂದು ಬದಿ ಮುಟ್ಟಲು ಆ ವೇಗದಲ್ಲಿ 100 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 6,000 ಸುತ್ತು ತಿರುಗುವ ಕ್ರ್ಯಾಂಕ್ ಅಷ್ಟರಲ್ಲಿ ಹತ್ತು ಸುತ್ತು ಮುಗಿಸಿರುತ್ತದೆ. ಹಾಗಾದರೆ ಇಂಜಿನ್ ಓಡುವುದು ಹೇಗೆ? ಒಳಗಿನ ಸುಳಿಗಾಳಿಯಿಂದ. ಕಬ್ಬಿನ ರವದಿಗೆ ಹಚ್ಚಿದ ಬೆಂಕಿ ಗಾಳಿ ಎದ್ದೊಡನೆ ನಾಲಗೆ ನಾಲಗೆಯಾಗಿ ಒಡೆದು ಹೊಲ ದಾಟುವಂತೆ, ಸಿಲಿಂಡರಿನ ಸುಳಿಗಳು ಜ್ವಾಲೆಯನ್ನು ಹರಿದು ಸುಕ್ಕಾಗಿಸಿ ಅದರ ಮೈಯನ್ನು ಹಿಗ್ಗಿಸುತ್ತವೆ. ವೇಗ ಸೆಕೆಂಡಿಗೆ 20 ಮೀಟರ್ ಆಸುಪಾಸಿಗೆ ಏರುತ್ತದೆ. ಆದರೂ ಎರಡು-ಮೂರು ಮಿಲಿಸೆಕೆಂಡ್, ಅಂದರೆ ಆ ಸ್ಪೀಡಿನಲ್ಲಿ ಕ್ರ್ಯಾಂಕಿನ ಕಾಲು ಸುತ್ತು ಬೇಕೇ ಬೇಕು. ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಕೊಡುವುದು ಈ ಕಾರಣಕ್ಕೆ.

ಜ್ವಾಲೆಯೊಳಗೆ ಕೆಲಸ ಮಾಡುವುದು ರ್‍ಯಾಡಿಕಲ್‌ಗಳು, ಜೋಡಿ ಇಲ್ಲದ ಎಲೆಕ್ಟ್ರಾನ್ ಹೊತ್ತ ತುಂಡುಗಳು. ಒಂದು ಜಲಜನಕ ಪರಮಾಣು ಆಮ್ಲಜನಕದ ಅಣುವಿಗೆ ಡಿಕ್ಕಿ ಹೊಡೆದರೆ ಒಂದರ ಬದಲು ಎರಡು ರ್‍ಯಾಡಿಕಲ್ ಹುಟ್ಟುತ್ತವೆ, ಎರಡರಿಂದ ನಾಲ್ಕು. ಇಂಗಾಲದ ಕೊನೆಯ ಮೆಟ್ಟಿಲು, ಮೊನಾಕ್ಸೈಡ್ ಡೈಆಕ್ಸೈಡ್ ಆಗುವುದು, ಬಹುಪಾಲು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಸಿಕ್ಕರೆ ಮಾತ್ರ ನಡೆಯುತ್ತದೆ. ತಂಪಾದ ಸಿಲಿಂಡರ್ ಗೋಡೆಯ ಹತ್ತಿರ, ಪಿಸ್ಟನ್ ರಿಂಗಿನ ಸಂದಿಯಲ್ಲಿ ರ್‍ಯಾಡಿಕಲ್‌ಗಳು ಸಾಯುತ್ತವೆ, ಜ್ವಾಲೆ ಆರುತ್ತದೆ. ಟ್ಯೂನಿಂಗ್ ಎಷ್ಟೇ ಸರಿ ಇದ್ದರೂ ಹೊಗೆಯಲ್ಲಿ ತುಸು ಹಸಿ ಪೆಟ್ರೋಲು ಉಳಿಯುವುದು ಇದರಿಂದ.

ಟಕ್ ಟಕ್ ಶಬ್ದದ ಮೂಲ ಬೇರೆ. ಜ್ವಾಲೆ ಹರಡುತ್ತಿರುವಾಗ ದೂರದ ಮೂಲೆಯ ಮಿಶ್ರಣ ಇನ್ನೂ ಹೊತ್ತಿರುವುದಿಲ್ಲ. ಆದರೆ ಉರಿದ ಅನಿಲ ಅದನ್ನು ಒತ್ತಿ ಬಿಸಿ ಮಾಡುತ್ತಿರುತ್ತದೆ. ಆ ಬಿಸಿಗೆ ಇಂಧನದ ಅಣುವಿಗೆ ಆಮ್ಲಜನಕ ಅಂಟಿ ಪೆರಾಕ್ಸೈಡ್‌ಗಳು ಹುಟ್ಟುತ್ತವೆ, ಅವು ಒಡೆದು ರ್‍ಯಾಡಿಕಲ್ ಬೆಳೆಸುತ್ತವೆ. ಜ್ವಾಲೆ ಬಂದು ಮುಟ್ಟುವ ಮೊದಲೇ ಆ ಮೂಲೆ ಒಮ್ಮೆಲೆ ಹೊತ್ತಿಕೊಂಡರೆ ಒತ್ತಡದ ಅಲೆ ಗೋಡೆಗೆ ಬಡಿಯುತ್ತದೆ. ನೇರ ಸರಪಳಿಯ ಹೆಪ್ಟೇನಿನಲ್ಲಿ ನಡುವಿನ ಜಲಜನಕಗಳು ಸುಲಭವಾಗಿ ಕಿತ್ತುಬರುತ್ತವೆ, ಹಾಗಾಗಿ ಅದು ಬೇಗ ಬಡಿಯುತ್ತದೆ. ಕವಲು ಕವಲಾದ ಐಸೋಆಕ್ಟೇನ್ ತಡೆದುಕೊಳ್ಳುತ್ತದೆ. ಮೊದಲನೆಯದಕ್ಕೆ 0, ಎರಡನೆಯದಕ್ಕೆ 100 ಎಂದು ಇಟ್ಟ ಅಳತೆಯೇ ಆಕ್ಟೇನ್ ಸಂಖ್ಯೆ. ಅದು ಶಕ್ತಿಯ ಅಳತೆಯಲ್ಲ. ಕಡಿಮೆ ಕಂಪ್ರೆಶನ್ನಿನ, ಬಡಿತವೇ ಇಲ್ಲದ ಗಾಡಿಗೆ ದುಬಾರಿ ಪ್ರೀಮಿಯಂ ಪೆಟ್ರೋಲು ಹಾಕಿಸುವ ಗಿರಾಕಿಗೆ ಇದನ್ನು ದಯವಿಟ್ಟು ತಿಳಿಸಿ ಹೇಳಿ.

ಬಡಿತ ತಡೆಯಲು ಅಮೆರಿಕದಲ್ಲಿ 1921ರಲ್ಲಿ ಥಾಮಸ್ ಮಿಡ್ಗ್ಲಿ ಸೀಸದ ಸಂಯುಕ್ತವೊಂದನ್ನು ಕಂಡುಹಿಡಿದರು. ಸೀಸದ ಆಕ್ಸೈಡ್ ಕಣಗಳು ರ್‍ಯಾಡಿಕಲ್‌ಗಳನ್ನು ನುಂಗುತ್ತಿದ್ದವು. ಇಂಜಿನ್ ಶಾಂತವಾಯಿತು, ಸೀಸ ರಸ್ತೆಬದಿಯ ಮಕ್ಕಳ ರಕ್ತಕ್ಕೆ ಸೇರಿತು. ಭಾರತದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಅಷ್ಟು ತಡವಾಗಬಾರದಿತ್ತು.

ಗಾಡಿ ಬಡಿಯುತ್ತಿದ್ದರೆ ಮೊದಲು ಇಗ್ನಿಷನ್ ಟೈಮಿಂಗ್ ನೋಡಿ, ಆಮೇಲೆ ಪ್ಲಗ್ಗಿನ ಹೀಟ್ ರೇಂಜ್, ಮಿಶ್ರಣ ಲೀನ್ ಇದೆಯೇ, ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿದೆಯೇ. ಇವೆಲ್ಲ ಸರಿ ಇದ್ದರೆ ಪೆಟ್ರೋಲನ್ನು ಅನುಮಾನಿಸಿ. ಚಿಮಣಿ ಎಣ್ಣೆ (ಸೀಮೆಎಣ್ಣೆ) ಬೆರೆತರೆ ಆಕ್ಟೇನ್ ಇಳಿಯುತ್ತದೆ, ಭಾರದ ಭಾಗ ಆವಿಯಾಗದೆ ಮಸಿ ಮಾಡುತ್ತದೆ. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ, ಒಂದು ಹನಿ ಬಿಡಿಸಿ. ಆರಿದ ಮೇಲೆ ಎಣ್ಣೆ ಕಲೆ ಉಳಿಯಬಾರದು. ಡೆನ್ಸಿಟಿ ನೋಡುವಾಗ ಉಷ್ಣಾಂಶವನ್ನೂ ನೋಡಿ, ಬರೆದಿಡುವ ಸಂಖ್ಯೆ 15 ಡಿಗ್ರಿಗೆ ತಿದ್ದಿದ್ದು. 40 ಡಿಗ್ರಿಯಲ್ಲಿ ಅದೇ ಪೆಟ್ರೋಲು ಹೈಡ್ರೋಮೀಟರಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಅಂಕ ಇಳಿಸಿ ತೋರಿಸುತ್ತದೆ. ಅದನ್ನೇ ಕಲಬೆರಕೆ ಎಂದು ಜಗಳ ತೆಗೆಯಬಾರದು.

ಎಥನಾಲ್ ವಿಷಯ ಎಲ್ಲರೂ ಕೇಳುತ್ತಿದ್ದೀರಿ. ಆಳಂದ, ಅಫಜಲಪುರ, ಭಾಲ್ಕಿ ಕಡೆ ಬೆಳೆಯುವ ಕಬ್ಬಿನಂಥದ್ದರಿಂದಲೇ ಬರುವ ವಸ್ತು ಅದು, ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಆಗಲೇ ಇದೆ, ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು: ಒಂದು ಪಾಲಿಗೆ 9 ಪಾಲು. ಇ20 ಮಿಶ್ರಣಕ್ಕೆ ಲೆಕ್ಕ ಹಾಕಿದರೆ 14.7ರ ಬದಲು ಸುಮಾರು 13.5. ಜೆಟ್ಟಿನ ತೂತು ಬದಲಾಗಿಲ್ಲ, ಬರುವ ಗಾಳಿಯೂ ಅಷ್ಟೇ. ಹಾಗಾಗಿ ಹಳೆಯ ಕಾರ್ಬ್ಯುರೇಟರ್ ಗಾಡಿ ನೂರಕ್ಕೆ ಎಂಟರಷ್ಟು ಲೀನ್ ಆಗುತ್ತದೆ. ಮೊದಲೇ ತುಸು ರಿಚ್ ಇದ್ದ ಗಾಡಿಗೆ ಅದು ಒಳ್ಳೆಯದೇ. ಮೊದಲೇ ಲೀನ್ ಮಾಡಿಸಿಕೊಂಡಿದ್ದ ಗಾಡಿ ಪಿಕಪ್ ಕೊಡುವಾಗ ಮುಗ್ಗರಿಸುತ್ತದೆ. ಪೈಲಟ್ ಜೆಟ್ ಸ್ವಚ್ಛಮಾಡಿ, ಏರ್ ಸ್ಕ್ರೂ ಹೊಸದಾಗಿ ಹೊಂದಿಸಿ, ಬೇಕಾದರೆ ಮುಂದಿನ ಸೈಜಿನ ಮೇನ್ ಜೆಟ್ ಹಾಕಿ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ತಾನೇ ಹೊಂದಿಸಿಕೊಳ್ಳುತ್ತದೆ.

ಶಕ್ತಿ? ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್, ಎಥನಾಲಿನಲ್ಲಿ 21. ಇ20ರಲ್ಲಿ ಅಂದಾಜು 30, ಅಂದರೆ ನೂರಕ್ಕೆ ಏಳರಷ್ಟು ಕಡಿಮೆ. ಎಥನಾಲಿನ ಆಕ್ಟೇನ್ ಹೆಚ್ಚು, ಅದನ್ನು ಬಳಸಿಕೊಳ್ಳುವಂತೆ ಕಂಪ್ರೆಶನ್ ಏರಿಸಿ ಮಾಡಿದ ಇಂಜಿನ್ ಇದರಲ್ಲಿ ಸ್ವಲ್ಪ ಮರಳಿ ಪಡೆಯುತ್ತದೆ. ಹಳೆಯ ಇಂಜಿನ್ ಪಡೆಯುವುದಿಲ್ಲ. ಗಿರಾಕಿಗೆ ಸುಳ್ಳು ಭರವಸೆ ಕೊಡಬೇಡಿ, ಅರ್ಧಕ್ಕೆ ಅರ್ಧ ಎವರೇಜ್ ಬಿತ್ತು ಎಂದರೆ ಅದನ್ನು ಎಥನಾಲಿನ ತಲೆಗೂ ಕಟ್ಟಬೇಡಿ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳದ ಸುತ್ತ ಬಿದ್ದ ನೀರು ಇಳಿಯುವ ಸಣ್ಣ ಪೈಪು ಧೂಳಿನಿಂದ ಕಟ್ಟಿದ್ದರೆ ನೀರು ಟ್ಯಾಂಕಿಗೆ ಸೇರುತ್ತದೆ. ತುಸು ನೀರು ಕರಗಿರುತ್ತದೆ. ಮಿತಿ ಮೀರಿದರೆ ನೀರು-ಎಥನಾಲ್ ಎರಡೂ ಸೇರಿ ಬೇರೆ ಪದರವಾಗಿ ತಳಕ್ಕಿಳಿಯುತ್ತದೆ. ಪೆಟ್ರೋಲು ಕಾಕ್ ಎಳೆಯುವುದು ತಳದಿಂದಲೇ, ಗಾಡಿ ನಿಲ್ಲುತ್ತದೆ. ಪಾರದರ್ಶಕ ಗಾಜಿನ ಬಾಟಲಿಗೆ ತಳದ ಪೆಟ್ರೋಲು ಇಳಿಸಿ ಸ್ವಲ್ಪ ಹೊತ್ತು ಇಡಿ, ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು; ಮೇಲೆ ಹೊಸ ಪೆಟ್ರೋಲು ಸುರಿದರೆ ಸರಿಹೋಗುವುದಿಲ್ಲ. ಹಳೆಯ ಗಾಡಿಗಳಲ್ಲಿ ಓ ರಿಂಗ್, ಪೆಟ್ರೋಲು ಪೈಪು, ಫ್ಲೋಟ್ ನೀಡಲಿನ ರಬ್ಬರ್ ತುದಿ ಉಬ್ಬಿವೆಯೇ ನೋಡಿ.

ಬಿಎಸ್ 6 ಗಾಡಿಯ ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಒಂದೇ ಮಾತು. ಅದರ ಪಲ್ಲೇಡಿಯಂ, ರೋಡಿಯಂನಂಥ ಲೋಹಗಳು ಮೊನಾಕ್ಸೈಡನ್ನೂ ಹಸಿ ಪೆಟ್ರೋಲನ್ನೂ ಸುಡುತ್ತವೆ, ನೈಟ್ರೋಜನ್ ಆಕ್ಸೈಡನ್ನು ಒಡೆಯುತ್ತವೆ. ಮೂರೂ ಒಟ್ಟಿಗೆ ಆಗಬೇಕಾದರೆ ಗಾಳಿ-ಪೆಟ್ರೋಲು ಸರಿಯಾದ ಪ್ರಮಾಣದ ಒಂದು ಶೇಕಡಾ ಆಚೀಚೆ ಇರಬೇಕು. ಇಂಥ ಗಾಡಿ ಓಡುತ್ತಿರುವಾಗ ಕಿಡಿ ಪರೀಕ್ಷಿಸಲು ಪ್ಲಗ್ ಕ್ಯಾಪ್ ಕೀಳಬೇಡಿ. ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜಾಲರಿ ಕರಗುತ್ತದೆ.

ಕೊನೆಯದು ನಿಮ್ಮ ಜೀವದ ವಿಷಯ. ಶಟರ್ ಇಳಿಸಿ ಟ್ಯೂನಿಂಗ್ ಮಾಡಬೇಡಿ. ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ, ವಾಸನೆ ಇಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ನೆಲದ ಮೇಲೆ ಹರಿಯುತ್ತದೆ. ಹತ್ತಡಿ-ಹತ್ತಡಿ ಮಳಿಗೆಯ ನೆಲದಿಂದ ನಾಲ್ಕು ಇಂಚು ಎತ್ತರದವರೆಗೆ ಹೊತ್ತುವ ಮಿಶ್ರಣ ತುಂಬಲು 60 ಮಿಲಿಲೀಟರ್ ಪೆಟ್ರೋಲು ಸಾಕು. ಪಕ್ಕದ ಚಹಾ ಅಂಗಡಿಯ ಸ್ಟವ್ ಎಷ್ಟು ದೂರ ಇದೆ ನೋಡಿಕೊಳ್ಳಿ. ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವುದನ್ನು ಬಿಡಿ. ಅದರ ಫ್ಲ್ಯಾಷ್ ಪಾಯಿಂಟ್, ಅಂದರೆ ಕಿಡಿಗೆ ಹೊತ್ತುವಷ್ಟು ಆವಿ ಏಳುವ ಉಷ್ಣಾಂಶ, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ. ಡೀಸೆಲ್ ಅಥವಾ ಚಿಮಣಿ ಎಣ್ಣೆ ಉತ್ತಮ, ಆದರೆ ನಮ್ಮ ಊರಿಗೆ ಒಂದು ತಿದ್ದುಪಡಿ ಇದೆ: ಅವುಗಳಿಗೆ ನಿಗದಿಯಾದ ಕನಿಷ್ಠ ಫ್ಲ್ಯಾಷ್ ಪಾಯಿಂಟ್ 35 ಡಿಗ್ರಿ. ನೆರಳಿನಲ್ಲೇ 42 ಇರುವ ದಿನ, ಬಿಸಿಲಿಗಿಟ್ಟ ಟ್ರೇಯಲ್ಲಿ ಅವೂ ಕಿಡಿಗೆ ಹೊತ್ತಬಲ್ಲವು. ತೊಳೆಯುವ ಕೆಲಸ ಬೆಳಿಗ್ಗೆ ಹೊತ್ತು, ಬಾಗಿಲ ಹೊರಗೆ, ಗ್ರೈಂಡರ್-ವೆಲ್ಡಿಂಗಿನಿಂದ ದೂರ ಇಟ್ಟುಕೊಳ್ಳಿ, ಟ್ರೇಗೆ ಸರಿಯಾಗಿ ಕೂರುವ ತಗಡಿನ ಮುಚ್ಚಳ ಮಾಡಿಸಿ. ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಹೊತ್ತೊಯ್ಯುತ್ತದೆ. ಮುಚ್ಚಳ ಎಳೆಯಿರಿ, ಇಲ್ಲವೇ ಮರಳು, ಬೆಂಕಿ ಆರಿಸುವ ಒಣ ಪುಡಿಯ ಸಿಲಿಂಡರ್. ಆ ಸಿಲಿಂಡರ್ ಬಾಗಿಲ ಹತ್ತಿರ ಇರಲಿ, ಟ್ರೇ ಪಕ್ಕದಲ್ಲಿ ಬೇಡ. ಬೆಂಕಿ ದಾಟಿ ಹೋಗಿ ಅದನ್ನು ತೆಗೆಯುವ ಹಾಗಾಗಬಾರದು.